ಅಡಿಕೆ ಟೆಂಡರಿನಲ್ಲಿ ಸಿಕ್ಕಿದ ಶೇರಿನ ಪಾಠ

ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟ. ಶೇರು ಶುರು ಮಾಡಿದ್ದು 2019ರಲ್ಲಿ. ಮೊದಮೊದಲು ನನಗೆ ಗೊತ್ತಿದ್ದದ್ದು ಒಂದೇ, ಒಳ್ಳೆ ಸುದ್ದಿ ಬಂದರೆ ಕೊಳ್ಳುವುದು.

ಒಂದು ಔಷಧ ಕಂಪನಿಯ ಮೂರು ತಿಂಗಳ ಫಲಿತಾಂಶ ಬಂತು. ಲಾಭ ಹೋದ ವರ್ಷಕ್ಕಿಂತ ಶೇ. 18 ಜಾಸ್ತಿ. ಕೂಡಲೇ ತಗೊಂಡೆ. ಮೂರೂವರೆಗೆ ಮಾರುಕಟ್ಟೆ ಮುಚ್ಚುವಷ್ಟರಲ್ಲಿ ಶೇರು ಶೇ. 7 ಬಿದ್ದಿತ್ತು. ಲಾಭ ಏರಿದರೆ ದರ ಯಾಕೆ ಇಳಿಯಬೇಕು?

ಉತ್ತರ ಸಿಕ್ಕಿದ್ದು ಟೆಂಡರಿಗೆ ರಾಶಿ ಅಡಿಕೆ ಹಾಕಿದ ದಿನ. ವ್ಯಾಪಾರಿಗಳು ಲಾಟಿನ (ಒಬ್ಬೊಬ್ಬರ ಮಾಲಿನ ಗುಡ್ಡೆ) ಮುಂದೆ ನಿಂತು, ಒಂದು ಮುಷ್ಟಿ ಎತ್ತಿ, ಒಂದು ಹೋಳು ಒಡೆದು ಒಳಗಿನ ಬಣ್ಣ ನೋಡಿ, ಸುಮ್ನೆ ದರ ಬರೆದು ಮುಂದೆ ಹೋಗುತ್ತಾರೆ. ನನ್ನ ಮಾಲು ಚೆನ್ನಾಗಿಯೇ ಇತ್ತು. ಆದರೂ ದರ ಕಡಿಮೆ. ಇನ್ನು ಎರಡು ವಾರದಲ್ಲಿ ಎಲ್ಲರ ಮಾಲೂ ಬರುತ್ತದೆ ಅನ್ನುವ ಲೆಕ್ಕ ಅವರ ತಲೆಯಲ್ಲಿ ಆಗಲೇ ಇತ್ತು, ಮುಂದೆ ತಾವು ಮಾರುವಾಗ ಏನು ಸಿಗಬಹುದು ಅಂತ ನೋಡಿಯೇ ಬರೆಯುವುದು ಅಲ್ವಾ!

ಶೇರೂ ಹಾಗೆಯೇ. ಆ ಕಂಪನಿಯಿಂದ ಜನ ಇನ್ನೂ ದೊಡ್ಡ ಲಾಭ ಕಾದಿದ್ದರು, ಅದು ದರದಲ್ಲಿ ಮೊದಲೇ ಸೇರಿಹೋಗಿತ್ತು. ಈಗ ಫಲಿತಾಂಶಕ್ಕೆ ಮುಂಚಿನ ಒಂದು ತಿಂಗಳ ಚಾರ್ಟ್ ನೋಡುತ್ತೇನೆ. ಶೇ. 15 ಏರಿ ಕೂತಿದ್ದರೆ ಮುಟ್ಟುವುದಿಲ್ಲ.

ಎರಡನೆಯ ಪಾಠ ನಷ್ಟದ ಲೆಕ್ಕ. ನನ್ನ ಬಂಡವಾಳ 2 ಲಕ್ಷ. ಒಂದು ವ್ಯವಹಾರದಲ್ಲಿ ಹೋದರೆ ಶೇ. 1, ಅಂದರೆ 2,000 ರೂಪಾಯಿ ಹೋಗಲಿ. 400ಕ್ಕೆ ಕೊಂಡು 380ರಲ್ಲಿ ಸ್ಟಾಪ್‌ಲಾಸ್ (ಇಲ್ಲಿಗೆ ಇಳಿದರೆ ಮಾರಿಬಿಡುವುದು ಅನ್ನುವ ದರ) ಇಟ್ಟರೆ ಶೇರಿಗೆ 20 ರೂಪಾಯಿ ಅಪಾಯ, ಹಾಗಾಗಿ 100 ಶೇರು. ಎಷ್ಟು ಕೊಳ್ಳಬೇಕು ಅನ್ನುವುದನ್ನು ಈ ಭಾಗಾಕಾರವೇ ಹೇಳುತ್ತದೆ. ಫ್ಯೂಚರ್ಸ್, ಆಪ್ಷನ್ಸ್ (ಶೇರಿನ ಮುಂದಿನ ದರದ ಮೇಲೆ ಮಾಡುವ ಒಪ್ಪಂದಗಳು) ಕಡೆ ಹೋಗಬೇಡಿ ಅಂತ ನಮ್ಮೂರ ಹುಡುಗರಿಗೆ ಕೈಮುಗಿದು ಹೇಳುತ್ತೇನೆ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ. 93ರಷ್ಟು ಜನ ಕಳಕೊಂಡರು ಅಂತ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ.

ಇಂಟ್ರಾಡೇ, ಅಂದರೆ ಕೊಂಡ ದಿನವೇ ಮಾರುವುದು, ನನಗಾಗದು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ, ತೋಟಕ್ಕಿಳಿದರೆ ನೆಟ್‌ವರ್ಕೂ ಇಲ್ಲ. ಅದಕ್ಕೇ ಡೆಲಿವರಿ (ಶೇರನ್ನು ಖಾತೆಯಲ್ಲೇ ಇಟ್ಟುಕೊಳ್ಳುವುದು) ತಗೊಂಡು, ಸ್ಟಾಪ್‌ಲಾಸ್ ದರಕ್ಕೆ ಜಿಟಿಟಿ ಆರ್ಡರ್ (ಹೇಳಿದ ದರ ಬರುವವರೆಗೆ ಕಾದಿರುವ ಆರ್ಡರ್) ಹಾಕಿಡುತ್ತೇನೆ. ದರ ಅಲ್ಲಿಗೆ ಇಳಿದರೆ ಮಾರುವ ಆರ್ಡರ್ ತಾನಾಗಿಯೇ ಹೋಗುತ್ತದೆ.

ಅದರಲ್ಲೂ ಒಂದು ತಪ್ಪು ಮಾಡಿದೆ. ಮೇಲೆ ಹೇಳಿದ 400ರ ಲೆಕ್ಕ ನನ್ನದೇ, ಸರ್ಕಾರಿ ವಲಯದ ಒಂದು ಶೇರು. 2024ರ ಜೂನ್ 3ರಂದು ಲೋಕಸಭೆ ಚುನಾವಣೆಯ ಎಕ್ಸಿಟ್ ಪೋಲ್ ನಂಬಿ ನಿಫ್ಟಿ (50 ದೊಡ್ಡ ಕಂಪನಿಗಳ ಶೇರು ಸೂಚ್ಯಂಕ) ಶೇ. 3ಕ್ಕಿಂತ ಜಾಸ್ತಿ ಏರಿತು. ಮರುದಿನ ಮತ ಎಣಿಕೆ ಬೇರೆಯೇ ಹೇಳಿತು, ನಿಫ್ಟಿ ಸುಮಾರು ಶೇ. 6 ಬಿತ್ತು. ನಾನು ತೋಟದಲ್ಲಿದ್ದೆ. ಜಿಟಿಟಿಯಲ್ಲಿ ಟ್ರಿಗರ್ (ಆರ್ಡರ್ ಹೊರಡುವ ದರ) 380, ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ದರ) 379 ಅಂತ ಕೊಟ್ಟಿದ್ದೆ. ಟ್ರಿಗರ್ ಆಯಿತು, ಆದರೆ ದರ 379ನ್ನು ದಾಟಿ ಕೆಳಗೆ ಜಾರಿಬಿಟ್ಟಿತ್ತು, ಆರ್ಡರ್ ಹಾಗೇ ನೇತಾಡುತ್ತಿತ್ತು. ಮಧ್ಯಾಹ್ನ ಮನೆಗೆ ಬಂದು ನೋಡಿ 356ಕ್ಕೆ ಕೈಯಾರೆ ಮಾರಿದೆ. 2,000 ಹೋಗಬೇಕಾದಲ್ಲಿ 4,400 ಹೋಯಿತು.

ಈಗ ಲಿಮಿಟನ್ನು ಟ್ರಿಗರ್‌ಗಿಂತ ಶೇ. 3 ಕೆಳಗೆ ಇಡುತ್ತೇನೆ. ಬಜೆಟ್, ಮತ ಎಣಿಕೆ, ಕಂಪನಿಯ ಫಲಿತಾಂಶ ಇದ್ದರೆ ಹಿಂದಿನ ದಿನವೇ ಅರ್ಧ ಮಾರಿ ತೋಟಕ್ಕಿಳಿಯುತ್ತೇನೆ.