ಕ್ಯಾಂಪರ್ ಕಟ್ಟಿಕೊಂಡು ಘಾಟಿ ಇಳಿಯುವಾಗ ಟೋ/ಹಾಲ್ ಬಟನ್ ಬಳಸುವುದು ಹೇಗೆ

ಮೊದಲ ಸಲ ನಮ್ಮ ಪಿಕಪ್ ಟ್ರಕ್ಕಿಗೆ ಕ್ಯಾಂಪರ್ (ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕಟ್ಟಿಕೊಂಡು ಅಮೆರಿಕದ ಕೊಲೊರಾಡೊದಲ್ಲಿರುವ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟಾಗ, ಗೇರ್ ಲಿವರ್ ತುದಿಯಲ್ಲಿ ಟೋ/ಹಾಲ್ ಅಂತ ಒಂದು ಬಟನ್ ಇರುವುದು ನನಗೆ ಗೊತ್ತಿತ್ತು. ಒತ್ತಿರಲಿಲ್ಲ, ಅಷ್ಟೇ. ಹತ್ತುವಾಗ ಇಂಜಿನ್ ಎಳೆಯದೇ ಹೋದರೆ ಒತ್ತೋಣ ಅಂದುಕೊಂಡಿದ್ದೆ. ಟರ್ಬೊ (ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ) ಇಂಜಿನ್, ಆರಾಮಾಗಿ ಎಳೆಯಿತು. ಐಸೆನ್‌ಹೋವರ್ ಸುರಂಗದವರೆಗೆ, ಅಂದರೆ ಏರು ಮುಗಿಯುವವರೆಗೆ, ಏನೂ ತೊಂದರೆ ಇಲ್ಲ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಊರಿನ ಕಡೆ ಇಳಿಯಲು ಶುರುವಾದ ಮೇಲೆ ಬ್ರೇಕ್ ಮೇಲೆ ಇಟ್ಟ ಕಾಲನ್ನು ನಾನು ತೆಗೆಯಲೇ ಇಲ್ಲ, ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು, ಹಿಂದಿನ ಸೀಟಿನಿಂದ ಮಗಳು "ಅಪ್ಪಾ, ಏನೋ ಸೀದು ಹೋಗ್ತಿದೆ" ಅಂದಳು. ಸೀದು ಹೋಗುತ್ತಿದ್ದದ್ದು ಬ್ರೇಕ್.

ಕ್ಯಾಂಪರ್ ಮಾರಿದವರು ನೀರಿನ ಪಂಪ್, ಗ್ಯಾಸ್ ಒಲೆ, ಶೌಚದ ಪೈಪು ಎಲ್ಲ ಒಂದು ಗಂಟೆ ತೋರಿಸಿದ್ದರು. ಇಳಿಯೋದು ಹೇಗೆ ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಆದರೆ ನನಗೆ ಗೊತ್ತಿರಬೇಕಿತ್ತು. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದ ನಮ್ಮ ದೊಡ್ಡಪ್ಪ ಸಾವಿರ ಸಲ ಹೇಳಿದ್ದರು, "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ" ಅಂತ. ಟೋ/ಹಾಲ್ ಬಟನ್ ಮಾಡುವುದರಲ್ಲಿ ಮುಖ್ಯವಾದದ್ದು ಇದೇ ಕೆಲಸ. ದೊಡ್ಡಪ್ಪ ಕೈಯಲ್ಲಿ ಮಾಡುತ್ತಿದ್ದದ್ದನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಾನೇ ಮಾಡುತ್ತದೆ, ನೀವು ಹೇಳಿದರೆ. (ಟೋ ಅಂದರೆ ಎಳೆಯೋದು. ಹಾಲ್ ಅಂದರೆ ಕುಡಿಯೋ ಹಾಲಲ್ಲ, ಹೊರೆ ಸಾಗಿಸೋದು. ನಮ್ಮನೆಯಲ್ಲಿ ಈ ಜೋಕು ಇನ್ನೂ ನಡೆಯುತ್ತಿದೆ.)

ಬಟನ್ ಒತ್ತಿದರೆ ಒಳಗೆ ಆಗುವುದೇನು? ಇಂಜಿನ್ನಿಗೆ ಹೊಸದಾಗಿ ಶಕ್ತಿ ಏನೂ ಬರುವುದಿಲ್ಲ. ನಿಮ್ಮ ಟ್ರಕ್ 7,000 ಪೌಂಡ್ ಎಳೆಯಬಲ್ಲದು ಅಂತಿದ್ದರೆ ಬಟನ್ ಒತ್ತಿದ ಮೇಲೂ 7,000 ಪೌಂಡೇ. ಬದಲಾಗುವುದು ಗೇರ್ ಹಾಕುವ ಲೆಕ್ಕಾಚಾರ. ಮಾಮೂಲಿ ಡ್ರೈವ್‌ನಲ್ಲಿ ಗೇರ್‌ಬಾಕ್ಸಿಗೆ ಪೆಟ್ರೋಲ್ ಉಳಿಸುವ ಆಸೆ, ಅದಕ್ಕೇ ಆದಷ್ಟು ಬೇಗ ಮೇಲಿನ ಗೇರಿಗೆ ಓಡುತ್ತದೆ. ಹಿಂದೆ ಆರೂವರೆ ಸಾವಿರ ಪೌಂಡಿನ ಮನೆ ಇದ್ದಾಗ ಆ ಗೇರಿನಲ್ಲಿ ಎಳೆಯಲು ಆಗುವುದಿಲ್ಲ, ಕೆಳಗೆ ಬರುತ್ತದೆ, ಸ್ವಲ್ಪ ವೇಗ ಬಂದ ಕೂಡಲೇ ಮತ್ತೆ ಮೇಲೆ, ಮತ್ತೆ ಕೆಳಗೆ. ಎಂಟು ಗೇರು, ಹತ್ತು ಗೇರು ಇರುವ ಈಗಿನ ಟ್ರಕ್ಕುಗಳಲ್ಲಿ ಈ ಹತ್ತಿ ಇಳಿಯುವ ಆಟ ಇನ್ನೂ ಜಾಸ್ತಿ. ಟೋ/ಹಾಲ್ ಒತ್ತಿದರೆ ಒಂದೊಂದು ಗೇರನ್ನೂ ಹೆಚ್ಚು ಹೊತ್ತು ಹಿಡಿದಿರುತ್ತದೆ, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೇಲಕ್ಕೆ ಹೋದ ಮೇಲೇ ಮುಂದಿನ ಗೇರಿಗೆ ಹೋಗುತ್ತದೆ, ಸುಮ್ ಸುಮ್ನೆ ಗೇರ್ ಬದಲಿಸುವುದಿಲ್ಲ.

ಇದರಿಂದ ಗೇರ್‌ಬಾಕ್ಸಿನ ಎಣ್ಣೆ ತಣ್ಣಗಿರುತ್ತದೆ. ಆಟೊಮ್ಯಾಟಿಕ್‌ನಲ್ಲಿ ಇಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಎಣ್ಣೆ ತುಂಬಿದ ಡಬ್ಬಿ ಇರುತ್ತದೆ. ಅದು ಲಾಕ್ ಆಗದೆ ಜಾರುತ್ತಿದ್ದಾಗಲೇ ಜಾಸ್ತಿ ಬಿಸಿ ಹುಟ್ಟುವುದು. ಕೆಳಗಿನ ಗೇರು, ಲಾಕ್ ಆದ ಕನ್ವರ್ಟರ್, ಸ್ವಲ್ಪ ಹೆಚ್ಚು ಆರ್‌ಪಿಎಂ ಇದ್ದರೆ ಬಿಸಿ ಕಡಿಮೆ, ಜೊತೆಗೆ ನೀರಿನ ಪಂಪೂ ಜೋರಾಗಿ ತಿರುಗಿ ಇಂಜಿನ್ನನ್ನು ತಂಪಾಗಿಡುತ್ತದೆ. ಇಂಜಿನ್ ಶಬ್ದ ಜೋರಾದರೆ ಗಾಡಿ ಕಷ್ಟಪಡುತ್ತಿದೆ ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಭಾರ ಎಳೆಯುವಾಗ ನಿಜಕ್ಕೂ ಕಷ್ಟಪಡುವುದು ಮೇಲಿನ ಗೇರಿನಲ್ಲಿ ಗುಂಯ್ ಅನ್ನುತ್ತಾ ಏದುಸಿರು ಬಿಡುವ ಇಂಜಿನ್ನು.

ಬಟನ್ ಎಲ್ಲಿದೆ ಅಂತ ಮನೆಯ ಮುಂದೆ ನಿಂತಿರುವಾಗಲೇ ಹುಡುಕಿಕೊಳ್ಳಿ. ಸ್ವಲ್ಪ ಹಳೆಯ ಫೋರ್ಡ್, ಷೆವ್ರೊಲೆ ಟ್ರಕ್ಕುಗಳಲ್ಲಿ ಸ್ಟೀರಿಂಗ್ ಪಕ್ಕದ ಗೇರ್ ಲಿವರಿನ ತುದಿಯಲ್ಲಿರುತ್ತದೆ. ರ‍್ಯಾಮ್‌ನಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಬಟನ್ನುಗಳ ಸಾಲಿನಲ್ಲಿ. ಹೊಸ ಮಾಡೆಲ್ಲುಗಳಲ್ಲಿ ಡ್ರೈವ್ ಮೋಡ್ ತಿರುಗಿಸುವ ಗುಂಡಿಯಲ್ಲೇ ಇದೂ ಒಂದು ಆಯ್ಕೆ. ಆನ್ ಆದರೆ ಮೀಟರ್ ಪಕ್ಕದಲ್ಲಿ ಟೋ/ಹಾಲ್ ಅಂತ ದೀಪವೋ ಅಕ್ಷರವೋ ಕಾಣುತ್ತದೆ. ಅದು ಕಾಣದಿದ್ದರೆ ಆನ್ ಆಗಿಲ್ಲ ಅಂತಲೇ ಲೆಕ್ಕ.

ಬಟನ್ನಿಗೂ ಮೊದಲು ಆಗಬೇಕಾದ ಕೆಲಸಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ಟ್ರಕ್ಕಿನಿಂದ ಕ್ಯಾಂಪರಿಗೆ ಕರೆಂಟ್ ಕೊಡುವ ಏಳು ಪಿನ್ನಿನ ಪ್ಲಗ್ ಸರಿಯಾಗಿ ಕೂತಿರಬೇಕು, ಇಲ್ಲದಿದ್ದರೆ ಕ್ಯಾಂಪರಿನ ಬ್ರೇಕ್ ಕೆಲಸವೇ ಮಾಡುವುದಿಲ್ಲ. ಹಿಚ್ (ಟ್ರಕ್ಕಿಗೆ ಕ್ಯಾಂಪರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುವ ಭಾರ ಕ್ಯಾಂಪರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಇರಬೇಕು, ಕಡಿಮೆಯಾದರೆ ಹಿಂಬದಿ ಬಾಲದ ಹಾಗೆ ಅಲ್ಲಾಡುತ್ತದೆ, ಅದನ್ನು ಯಾವ ಬಟನ್ನೂ ಸರಿ ಮಾಡುವುದಿಲ್ಲ. ಟ್ರೈಲರ್ ಬ್ರೇಕಿನ, ಅಂದರೆ ಕ್ಯಾಂಪರಿನ ಬ್ರೇಕಿನ, ಗೇಯ್ನ್ (ಅದು ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಅನ್ನುವುದು) ಹೊಂದಿಸಲು ಖಾಲಿ ಪಾರ್ಕಿಂಗ್ ಜಾಗದಲ್ಲಿ ಗಂಟೆಗೆ 20-25 ಮೈಲಿಯಲ್ಲಿ ಹೋಗಿ, ಕೈಯಿಂದ ಟ್ರೈಲರ್ ಬ್ರೇಕ್ ಮಾತ್ರ ಒತ್ತಿ. ಚಕ್ರ ಲಾಕ್ ಆಗಿ ಉಜ್ಜಿಕೊಂಡು ಹೋಗದೆ, ಗಟ್ಟಿಯಾಗಿ ಹಿಂದಕ್ಕೆ ಎಳೆದ ಹಾಗೆ ಅನ್ನಿಸುವಷ್ಟಕ್ಕೆ ಗೇಯ್ನ್ ಇಡಿ. ನೀರಿನ ಟ್ಯಾಂಕ್ ತುಂಬಿಸಿಕೊಂಡು ಬೆಟ್ಟ ಹತ್ತಬೇಡಿ. ಒಂದು ಗ್ಯಾಲನ್ ನೀರು 8.3 ಪೌಂಡ್, ನಲವತ್ತು ಗ್ಯಾಲನ್ ಅಂದರೆ 330 ಪೌಂಡ್, ಅದನ್ನು ಕ್ಯಾಂಪ್ ಹತ್ತಿರವೇ ತುಂಬಿಸಿಕೊಂಡರಾಯಿತು. ನಮ್ಮ ಮನೆಯವರು ಒಲೆ, ಕುಕ್ಕರ್, ಇಪ್ಪತ್ತು ಪೌಂಡ್ ಸೋನಾ ಮಸೂರಿ ಎಲ್ಲ ತುಂಬಿಸುತ್ತಾರೆ, ಆ ವಿಷಯದಲ್ಲಿ ನಾನು ಬಾಯಿ ಬಿಡುವುದಿಲ್ಲ. ಎಲ್ಲ ತುಂಬಿಸಿದ ಮೇಲೆ ಒಂದು ಸಲ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಲಾರಿ ತೂಗುವ ಕಟ್ಟೆ) ಮೇಲೆ ನಿಲ್ಲಿಸಿ ತೂಕ ನೋಡಿಬಿಡಿ. ಕಂಪನಿಯವರು ಬರೆದ ಖಾಲಿ ತೂಕವನ್ನು ನಂಬಿ ಕೂರಬೇಡಿ.

ಯಾವಾಗ ಒತ್ತಬೇಕು? ಟ್ರಕ್ಕೂ ಕ್ಯಾಂಪರೂ ಸೇರಿದ ತೂಕ, ಎರಡಕ್ಕೂ ಸೇರಿ ಕಂಪನಿ ಇಟ್ಟಿರುವ ಗರಿಷ್ಠ ಒಟ್ಟು ತೂಕದ ಮುಕ್ಕಾಲು ಭಾಗ ಮುಟ್ಟಿದಾಗ ಇದು ಹೆಚ್ಚು ಉಪಯೋಗ ಅಂತ ಜನರಲ್ ಮೋಟರ್ಸ್ ತನ್ನ ಕೈಪಿಡಿಯಲ್ಲಿ ಹೇಳುತ್ತದೆ. ನನ್ನ ಲೆಕ್ಕ ಇನ್ನೂ ಸರಳ. ಕ್ಯಾಂಪರ್ ಕಟ್ಟಿದೆಯಾ, ಮುಂದೆ ಬೆಟ್ಟ ಇದೆಯಾ ಅಥವಾ ನಿಂತು ನಿಂತು ಹೋಗುವ ಟ್ರಾಫಿಕ್ ಇದೆಯಾ, ಒತ್ತು. ಕ್ಯಾನ್ಸಸ್ ಕಡೆಯ ಚಪ್ಪಟೆ ರಸ್ತೆಯಲ್ಲಿ ಸಣ್ಣ ಕ್ಯಾಂಪರ್ ಎಳೆಯುವಾಗ ಇಲ್ಲದಿದ್ದರೂ ನಡೆಯುತ್ತದೆ, ಗೇರ್ ಮೇಲೆ ಕೆಳಗೆ ಆಡುತ್ತಿಲ್ಲ ಅಂದರೆ ಬಿಟ್ಟುಬಿಡಿ. ಮೈಲೇಜ್ ಬಿದ್ದು ಹೋಗುತ್ತದೆ ಅಂತ ಹೆದರಿ ಆಫ್ ಮಾಡುವವರಿದ್ದಾರೆ. ಕ್ಯಾಂಪರ್ ಅಂದರೆ ಗಾಳಿಗೆ ಎದುರಾಗಿ ನಿಂತ ಗೋಡೆ, ಮೈಲೇಜ್ ತಿನ್ನುವುದು ಅದು. ನನಗೆ ಒತ್ತಿದರೂ ಒತ್ತದಿದ್ದರೂ ಗ್ಯಾಲನ್ನಿಗೆ ಹತ್ತು ಮೈಲಿ ಆಸುಪಾಸೇ ಬರುವುದು.

ಹತ್ತುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಏರು ಶುರುವಾಗುವ ಮೊದಲೇ ಒತ್ತಿ, ಬಲಗಡೆ ಲೇನಿಗೆ ಬನ್ನಿ, ಆಕ್ಸಿಲರೇಟರ್ ಒಂದೇ ಸಮ ಇಡಿ. ವೇಗ ಗಂಟೆಗೆ 45 ಮೈಲಿಗೆ ಇಳಿದರೆ ಇಳಿಯಲಿ, ಲಾರಿಯವರ ಹಿಂದೆ ಸಾಲಿನಲ್ಲಿ ಹೋದರೆ ಮಾನವೇನೂ ಹೋಗುವುದಿಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತದೆ, ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಡೆನ್ವರ್ ಇರುವುದು 5,280 ಅಡಿಯಲ್ಲಿ, ಸುರಂಗದ ಪಶ್ಚಿಮ ಬಾಯಿ 11,158 ಅಡಿಯಲ್ಲಿ, ಲೆಕ್ಕ ನೀವೇ ಹಾಕಿಕೊಳ್ಳಿ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ತೋರಿಸುವ ಮೀಟರ್ ಇದ್ದರೆ ಅದರ ಮೇಲೆ ಒಂದು ಕಣ್ಣಿಡಿ. ಬೇರೆ ದಿನ ಎಲ್ಲಿರುತ್ತದೆ ಅಂತ ಗೊತ್ತಿದ್ದರೆ ಎಷ್ಟು ಏರಿದೆ ಅಂತ ತಿಳಿಯುತ್ತದೆ. ಏರುತ್ತಲೇ ಹೋದರೆ ನಿಧಾನ ಮಾಡಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ.

ಈಗ ಇಳಿಯುವುದು. ಸುರಂಗದಿಂದ ಸಿಲ್ವರ್‌ಥಾರ್ನ್‌ಗೆ ಸುಮಾರು 2,000 ಅಡಿ ಇಳಿಯಬೇಕು, ಇಳಿಜಾರು ಶೇಕಡ 7ರವರೆಗೆ. ಬ್ರೇಕ್ ಹೋದ ಲಾರಿಗಳು ನುಗ್ಗಲಿ ಅಂತ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ. ಅದನ್ನು ನೋಡಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು.

ಮೊದಲನೆಯದು, ವೇಗ ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲು. ಸುರಂಗದ ಒಳಗೇ 45-50ಕ್ಕೆ ಬಂದುಬಿಡಿ. 65ರಲ್ಲಿ ಹೊರಬಿದ್ದು ಆಮೇಲೆ ಟೋ/ಹಾಲ್ ಕಾಪಾಡಲಿ ಅಂದರೆ ಆಗುವುದಿಲ್ಲ, ಯಾಕೆಂದರೆ ಆ ವೇಗದಲ್ಲಿ ಕೆಳಗಿನ ಗೇರಿಗೆ ಹೋದರೆ ಇಂಜಿನ್ ಮಿತಿ ಮೀರಿ ತಿರುಗಬೇಕಾಗುತ್ತದೆ, ಗೇರ್‌ಬಾಕ್ಸ್ ಅದಕ್ಕೆ ಒಪ್ಪುವುದಿಲ್ಲ.

ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗಾಡಿ ವೇಗ ಹೆಚ್ಚಿಸಿಕೊಳ್ಳಲು ನೋಡುತ್ತದೆ. ಆಗ ಬ್ರೇಕನ್ನು ಗಟ್ಟಿಯಾಗಿ, ಮೂರು ನಾಲ್ಕು ಸೆಕೆಂಡು ಒತ್ತಿ, ವೇಗ ಐದು ಮೈಲಿ ಇಳಿದ ಮೇಲೆ ಪೂರ್ತಿ ಬಿಟ್ಟುಬಿಡಿ. ಟೋ/ಹಾಲ್ ಆನ್ ಇದ್ದರೆ ಈ ಒತ್ತುವಿಕೆಯೇ ಗೇರ್‌ಬಾಕ್ಸಿಗೆ ಸಂಜ್ಞೆ. ಅದು ಒಂದು ಗೇರು ಕೆಳಗೆ ಬರುತ್ತದೆ, ಇಂಜಿನ್ ಗರ್ ಅನ್ನುತ್ತದೆ, ಹಿಂದಿನಿಂದ ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಆಗುತ್ತದೆ. ಸಾಲದಿದ್ದರೆ ಇನ್ನೊಂದು ಸಲ ಹಾಗೇ ಮಾಡಿ, ಇನ್ನೊಂದು ಗೇರ್ ಇಳಿಯುತ್ತದೆ. ಎರಡು ಮೂರು ಸಲದಲ್ಲಿ ಬ್ರೇಕ್ ಮುಟ್ಟದೆ ಗಾಡಿ 45ರಲ್ಲಿ ತಾನೇ ನಿಲ್ಲುವ ಗೇರು ಸಿಗುತ್ತದೆ. ಈ ರೀತಿ ಒತ್ತಿ ಬಿಡುವುದನ್ನೇ ಇಲ್ಲಿ ಲಾರಿ ಲೈಸೆನ್ಸಿಗೆ ಓದುವ ಕೈಪಿಡಿಯಲ್ಲೂ ಹೇಳಿದ್ದಾರೆ. ನಾನು ಮೊದಲ ಸಲ ಮಾಡಿದ ತಪ್ಪು ಇದಕ್ಕೆ ಸರಿಯಾಗಿ ಉಲ್ಟಾ: ಮೆತ್ತಗೆ, ಬಿಡದೆ, ಉದ್ದಕ್ಕೂ ಒತ್ತಿಕೊಂಡೇ ಇದ್ದೆ. ಬ್ರೇಕಿಗೆ ಆರಲು ಪುರುಸೊತ್ತೇ ಸಿಗಲಿಲ್ಲ.

ಆರ್‌ಪಿಎಂ 4,000 ಮುಟ್ಟಿದಾಗ ಎದೆ ಢವಢವ ಅನ್ನುವುದು ಸಹಜ. ಪೆಟ್ರೋಲ್ ಇಂಜಿನ್ ಅಷ್ಟನ್ನು ತಡೆದುಕೊಳ್ಳುತ್ತದೆ, ಕೆಂಪು ಗೆರೆ ಇನ್ನೂ ದೂರ ಇದೆ ನೋಡಿ. ಆ ಹೊತ್ತಿನಲ್ಲಿ ಇಂಜಿನ್ ಎಳೆಯುತ್ತಿಲ್ಲ, ತಡೆಯುತ್ತಿದೆ, ಪೆಟ್ರೋಲೂ ಹೆಚ್ಚುಕಡಿಮೆ ಕುಡಿಯುತ್ತಿಲ್ಲ. ಡೀಸೆಲ್ ಟ್ರಕ್ಕಿನವರಲ್ಲಿ ಹಲವರಿಗೆ ಇದರ ಜೊತೆಗೆ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ಬಿಗಿಹಿಡಿದು ಇಂಜಿನ್ನಿನಿಂದಲೇ ಗಾಡಿ ತಡೆಯುವುದು) ಬೇರೆ ಇರುತ್ತದೆ, ಅದನ್ನೂ ಹಾಕಿಕೊಂಡರೆ ಅವರು ಕಾಫಿ ಕುಡಿಯುತ್ತಾ ಇಳಿಯುತ್ತಾರೆ. ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳಾಗುತ್ತದೆ.

ಗೇರ್ ತಾನಾಗಿ ಇಳಿಯದಿದ್ದರೆ ಅಥವಾ ಇಳಿದು ಮತ್ತೆ ಮೇಲಕ್ಕೆ ಓಡಿದರೆ ಲಿವರಿನಲ್ಲೋ ಸ್ಟೀರಿಂಗಿನಲ್ಲೋ ಇರುವ ಮೈನಸ್ ಬಟನ್ ಒತ್ತಿ, ಇದಕ್ಕಿಂತ ಮೇಲಿನ ಗೇರಿಗೆ ಹೋಗಬೇಡ ಅಂತ ಕಟ್ಟಿಹಾಕಬಹುದು. ಉದ್ದ ಇಳಿಜಾರಿನಲ್ಲಿ ನಾನು ಈಗ ಹೀಗೇ ಮಾಡುವುದು. ಇನ್ನು ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವವರನ್ನು ಊರಲ್ಲೂ ನೋಡಿದ್ದೇನೆ. ಕ್ಯಾಂಪರ್ ಹಿಂದಿದ್ದಾಗ ಅದನ್ನು ಯೋಚನೆ ಸಹ ಮಾಡಬೇಡಿ.

ಒತ್ತಬಾರದ ಸಮಯವೂ ಇದೆ. ರಸ್ತೆ ಮೇಲೆ ಹಿಮ ಅಥವಾ ಐಸ್ ಇದ್ದರೆ ಟೋ/ಹಾಲ್ ಬೇಡ. ಗೇರ್ ಫಟ್ಟಂತ ಇಳಿದಾಗ ಇಂಜಿನ್ ತಡೆಯುವುದು ಹೆಚ್ಚಾಗಿ ಹಿಂದಿನ ಚಕ್ರಗಳನ್ನೇ, ಜಾರುವ ನೆಲದಲ್ಲಿ ಅವು ಹಿಡಿತ ಬಿಟ್ಟರೆ ಕ್ಯಾಂಪರ್ ಹಿಂದಿನಿಂದ ತಳ್ಳುತ್ತದೆ, ಗಾಡಿ ಅಡ್ಡ ತಿರುಗುತ್ತದೆ. ಕೊಲೊರಾಡೊದ ಬೆಟ್ಟದಲ್ಲಿ ಅಕ್ಟೋಬರ್‌ನಲ್ಲೇ ಹಿಮ ಬೀಳಬಹುದು, ಅಂಥ ದಿನ ನಾವು ಹೊರಡುವುದೇ ಇಲ್ಲ. ಏರಿಳಿತದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲನ್ನೂ ನಾನು ತೆಗೆದುಬಿಡುತ್ತೇನೆ, ಅದಕ್ಕೆ ಮುಂದಿನ ದಿಬ್ಬ ಕಾಣುವುದಿಲ್ಲ, ನನಗೆ ಕಾಣುತ್ತದೆ.

ಕೊನೆಗೆ ಒಂದು ಸಣ್ಣ ವಿಷಯ, ಆದರೆ ಇದರಲ್ಲೇ ನಾನು ಎರಡು ಸಲ ಎಡವಿದ್ದೇನೆ. ಕೆಲವು ಟ್ರಕ್ಕುಗಳಲ್ಲಿ ಇಂಜಿನ್ ಆಫ್ ಮಾಡಿದ ಕೂಡಲೇ ಟೋ/ಹಾಲ್ ಕೂಡ ಆಫ್ ಆಗುತ್ತದೆ. ಪೆಟ್ರೋಲ್ ಹಾಕಿಸಿ, ಮಕ್ಕಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬಂದು, ಚಿತ್ರಾನ್ನದ ಡಬ್ಬಿ ಮುಚ್ಚಿ ಮತ್ತೆ ಹೊರಟಾಗ ಅದು ನೆನಪಿರುವುದಿಲ್ಲ. ಈಗ ನಮ್ಮ ಗಾಡಿಯಲ್ಲಿ ಆ ಕೆಲಸ ಮಗಳದು. ಬೆಲ್ಟ್ ಹಾಕಿಕೊಂಡ ಕೂಡಲೇ ಹಿಂದಿನಿಂದ ಕೇಳುತ್ತಾಳೆ, "ಅಪ್ಪಾ, ಹಾಲು ಹಾಕಿದ್ಯಾ?"