ಉದ್ದುದ್ದ ಇಂಗ್ಲಿಷ್ ಪದ ಕಂಡರೆ ಬಾಲದಿಂದ ಬಿಡಿಸಿ

ಇಂಗ್ಲಿಷ್ ನಿಘಂಟಿನಲ್ಲಿ ಅತಿ ಉದ್ದದ ಪದ ಯಾವುದು ಅಂತ ಕೇಳಿದರೆ ಸಾಮಾನ್ಯವಾಗಿ ತೋರಿಸುವುದು ಇದನ್ನೇ: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಇಂಗ್ಲಿಷಿನಲ್ಲಿ ಬರೆದರೆ 45 ಅಕ್ಷರ. ಕ್ವಿಜ್‌ಗೆ ಓದುವ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಅರ್ಥ ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಆದರೆ ನಮ್ಮ ಕೋಲಾರ ಜಿಲ್ಲೆಯವರಿಗೆ ಈ ಪದ ಹೇಳುವ ವಿಷಯ ಹೊಸದೇನಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಬಿಡಿಸುವುದನ್ನು ಕಲಿಯೋಣ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಕಷ್ಟ ಅಂತ ಯಾರು ಹೇಳಿದರೂ ನಂಬಬೇಡಿ. ಶಾಲೆಯಲ್ಲಿ ‘ಬಿಡಿಸಿ ಬರೆಯಿರಿ’ ಅಂತ ಕೊಡುತ್ತಿದ್ದರಲ್ಲ, ಅದೇ ಕೆಲಸ ಇದು. ಬೆಟ್ಟದಾವರೆ ಅಂದರೆ ಬೆಟ್ಟದ ತಾವರೆ. ಮುಖ್ಯವಾದದ್ದು ಕೊನೆಯಲ್ಲಿರುವ ತಾವರೆ, ಎಲ್ಲಿಯ ತಾವರೆ ಅಂತ ಮೊದಲಿನ ಪದ ಹೇಳುತ್ತದೆ. ಗ್ರೀಕ್, ಲ್ಯಾಟಿನ್‌ನಿಂದ ಕಟ್ಟಿದ ಉದ್ದದ ಇಂಗ್ಲಿಷ್ ಪದಗಳೂ ಹೆಚ್ಚಾಗಿ ಹೀಗೇ. ಆದ್ದರಿಂದ ಮೊದಲು ಬಾಲ ನೋಡಿ.

ಆಸ್ಪತ್ರೆಯ ಕಾಗದಗಳಲ್ಲಿ ಮತ್ತೆ ಮತ್ತೆ ಸಿಗುವ ಬಾಲಗಳು ಕೆಲವೇ. ಐಟಿಸ್ ಅಂತ ಮುಗಿದರೆ ಆ ಭಾಗಕ್ಕೆ ಉರಿಯೂತ ಆಗಿದೆ. ಓಸಿಸ್ ಅಂದರೆ ಸಾಮಾನ್ಯವಾಗಿ ಒಂದು ಕಾಯಿಲೆಯ ಸ್ಥಿತಿ. ಸ್ಕೋಪಿ ಅಂದರೆ ಒಳಗೆ ನೋಡುವುದು, ಈಗ ಹೆಚ್ಚಾಗಿ ಕ್ಯಾಮೆರಾ ಇರುವ ನಳಿಕೆ ಹಾಕಿ. ಇನ್ನು ಮೂರು ಬಾಲಗಳಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ: ಎಕ್ಟಮಿ ಅಂದರೆ ಕತ್ತರಿಸಿ ತೆಗೆದುಹಾಕುವುದು, ಆಟಮಿ ಅಂದರೆ ಬರೀ ಕೊಯ್ಯುವುದು, ಆಸ್ಟಮಿ ಅಂದರೆ ತೂತು ಮಾಡಿ ಹೊಸ ದಾರಿ ಬಿಡುವುದು. ಕಿವಿಗೆ ಒಂದೇ ತರ ಕೇಳುತ್ತವೆ, ಆದರೆ ರೋಗಿಯ ಪಾಲಿಗೆ ಮೂರೂ ಬೇರೆ ಬೇರೆ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಕೋಲಿಸಿಸ್ಟೆಕ್ಟಮಿ ಅಂತ ಇದೆ ಅಂದುಕೊಳ್ಳಿ. ಬಾಲ ಎಕ್ಟಮಿ, ಅಂದರೆ ಏನೋ ತೆಗೆದಿದ್ದಾರೆ. ಅದರ ಹಿಂದೆ ಸಿಸ್ಟ್, ಅಂದರೆ ಚೀಲ. ಮೊದಲಲ್ಲಿ ಕೋಲಿ, ಅಂದರೆ ಪಿತ್ತ. ಪಿತ್ತಕೋಶ ತೆಗೆದಿದ್ದಾರೆ, ಅಷ್ಟೇ. ಅದೇ ಪದ ಕೋಲಿಸಿಸ್ಟೈಟಿಸ್ ಅಂತ ಮುಗಿದಿದ್ದರೆ ಪಿತ್ತಕೋಶಕ್ಕೆ ಉರಿಯೂತ ಆಗಿದೆ ಅಂತ. ಕತ್ತಿ ಮುಟ್ಟಿಸಿದ ಮಾತೇ ಅಲ್ಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿಬಂದ ಮೇಲೆ ಮನೆಯವರಿಗೆ ಇಷ್ಟಾದರೂ ತಿಳಿದಿರಬೇಕು, ಅಲ್ವಾ? ಓಟೋರೈನೋಲ್ಯಾರಿಂಗಾಲಜಿಸ್ಟ್ ಅಂತ ಬೋರ್ಡ್ ಕಂಡರೂ ಹೆದರಬೇಡಿ. ಓಟೋ ಕಿವಿ, ರೈನೋ ಮೂಗು, ಲ್ಯಾರಿಂಗೋ ಧ್ವನಿಪೆಟ್ಟಿಗೆ, ಕೊನೆಯದು ಅದನ್ನು ಓದಿದವರು. ನಾವು ದಿನಾ ಹೇಳುವ ಇಎನ್‌ಟಿ ಡಾಕ್ಟರೇ.

ತುಂಡು ಮಾಡುವಾಗ ನಡುವೆ ಒಂದು ‘ಓ’ ಬಂದು ಹೋಗುತ್ತಿರುತ್ತದೆ, ಅದು ನಿಮ್ಮನ್ನು ದಾರಿ ತಪ್ಪಿಸದಿರಲಿ. ಗ್ಯಾಸ್ಟ್ರ್ ಅಂದರೆ ಹೊಟ್ಟೆ, ಅಂದರೆ ಜಠರ. ಅದಕ್ಕೆ ಸ್ಕೋಪಿ ಸೇರಿದರೆ ಗ್ಯಾಸ್ಟ್ರೋಸ್ಕೋಪಿ, ನಡುವೆ ಓ ಬಂತು. ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್, ಓ ಇಲ್ಲ. ಬಾಲ ಸ್ವರದಿಂದ ಶುರುವಾದರೆ ಓ ಬಿದ್ದುಹೋಗುತ್ತದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ನಮ್ಮ ಲೋಪಸಂಧಿಯಲ್ಲಿ ಉಕಾರ ಬೀಳುವುದಿಲ್ಲವೇ, ಹಾಗೆಯೇ. ಎರಡು ಅಂಗಗಳ ಹೆಸರು ಒಟ್ಟಿಗೆ ಬಂದಾಗ ಮಾತ್ರ ಸ್ವರ ಎದುರಾದರೂ ಓ ಸಾಮಾನ್ಯವಾಗಿ ಉಳಿಯುತ್ತದೆ. ಗ್ಯಾಸ್ಟ್ರೋಎಂಟರೈಟಿಸ್ ನೋಡಿ, ಜಠರ ಮತ್ತು ಕರುಳು ಎರಡಕ್ಕೂ ಉರಿಯೂತ.

ಈಗ ಆ 45 ಅಕ್ಷರದ ಪದಕ್ಕೆ ಬನ್ನಿ. ಓಸಿಸ್, ಕಾಯಿಲೆ. ಕೋನಿ, ದೂಳು. ವಾಲ್ಕೇನೋ, ಜ್ವಾಲಾಮುಖಿ. ಸಿಲಿಕೋ, ಸಿಲಿಕಾ. ಅಲ್ಟ್ರಾಮೈಕ್ರೋಸ್ಕೋಪಿಕ್, ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣ. ನ್ಯುಮೋನೋ, ಶ್ವಾಸಕೋಶ. ಜ್ವಾಲಾಮುಖಿಯ ಅತಿ ಸಣ್ಣ ಸಿಲಿಕಾ ದೂಳು ಉಸಿರಿನ ಜೊತೆ ಒಳಗೆ ಹೋಗಿ ಬರುವ ಶ್ವಾಸಕೋಶದ ಕಾಯಿಲೆ. ಇದನ್ನು 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದವಾಗಲಿ ಅಂತಲೇ ಕಟ್ಟಿದರು. ಡಾಕ್ಟರುಗಳು ಬರೆಯುವುದು ಸಿಲಿಕೋಸಿಸ್ ಅಂತ ಮಾತ್ರ.

ಸಿಲಿಕೋಸಿಸ್ ಅಂದರೆ ಕೆಜಿಎಫ್‌ನ ಹಳೆಯ ಮನೆಗಳಲ್ಲಿ ವಿವರಿಸಬೇಕಾಗಿಲ್ಲ. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ, ಬೆಣಚುಕಲ್ಲು ಅಂದರೆ ಸಿಲಿಕಾನೇ. ಆಳದ ಸುರಂಗದಲ್ಲಿ ಕಲ್ಲು ಕೊರೆದಾಗ, ಸಿಡಿಸಿದಾಗ ಎದ್ದ ದೂಳು ಕಾರ್ಮಿಕರ ಶ್ವಾಸಕೋಶ ಸೇರುತ್ತಿತ್ತು. ಅದು ಅಲ್ಲೇ ಕೂತು ಗಾಯ ಮಾಡುತ್ತದೆ, ಗಾಯ ಮಾಗಿ ಗಟ್ಟಿಯಾಗುತ್ತದೆ, ಶ್ವಾಸಕೋಶ ಹಿಗ್ಗುವುದು ಕಡಿಮೆಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಸರಿಹೋಗುವುದಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಗಳಲ್ಲಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರು ಇವತ್ತಿಗೂ ಇದೇ ದೂಳಿನಲ್ಲಿದ್ದಾರೆ. ಅದಕ್ಕೇ ಈ ಪದವನ್ನು ಮಕ್ಕಳಿಗೆ ಹೇಳಿಕೊಡುವಾಗ ಅಕ್ಷರ ಎಣಿಸಿ ಬಿಟ್ಟುಬಿಡಬೇಡಿ, ಕೋನಿ ಅಂದರೆ ದೂಳು ಅನ್ನುವುದನ್ನು ಹೇಳಿಯೇ ಮುಂದೆ ಹೋಗಿ.

ಎಲ್ಲ ಪದವೂ ಬಾಲದಿಂದ ಬಿಚ್ಚಿಕೊಳ್ಳುವುದಿಲ್ಲ. 28 ಅಕ್ಷರದ ಆ್ಯಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ ಅನ್ನು ನಡುವಿನಿಂದ ಬಿಡಿಸಿದರೆ ಸುಲಭ. ಎಸ್ಟಾಬ್ಲಿಷ್ ಅಂದರೆ ಇಲ್ಲಿ ಚರ್ಚ್‌ಗೆ ಸರ್ಕಾರದ ಮಾನ್ಯತೆ, ಡಿಸ್ ಸೇರಿದರೆ ಅದನ್ನು ತೆಗೆಯುವುದು, ಆ್ಯಂಟಿ ಸೇರಿದರೆ ತೆಗೆಯಬಾರದು ಅನ್ನುವ ವಾದ. 19ನೇ ಶತಮಾನದ ಇಂಗ್ಲೆಂಡಿನ ಜಗಳ ಅದು. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ ಅಂದರೆ ಯಾವುದನ್ನಾದರೂ ಕೆಲಸಕ್ಕೆ ಬಾರದ್ದು ಅಂತ ಎಣಿಸುವುದು. ಬೆಲೆಯಿಲ್ಲದ್ದು ಅನ್ನಲು ಬಳಸುವ ನಾಲ್ಕು ಲ್ಯಾಟಿನ್ ಪದಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದಾರೆ. ಉದ್ದ ಪದಗಳ ಭಯಕ್ಕೆ ಹಿಪೊಪೊಟೊ ಅಂತ ಶುರುವಾಗುವ ಒಂದು ಹೆಸರಿದೆಯಲ್ಲ, ಅದು ತಮಾಷೆಗೆ ಹಿಗ್ಗಿಸಿದ್ದು, ಅದಕ್ಕೆ ಸಮಯ ಕೊಡುವುದು ಬೇಡ ಅಂತ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ: ಕಿವಿಗೆ ಕೇಳಿದ ಕಡೆ ಕತ್ತರಿಸಬೇಡಿ. ಹೆಲಿಕಾಪ್ಟರ್ ಅಂದರೆ ಹೆಲಿ ಮತ್ತು ಕಾಪ್ಟರ್ ಅಲ್ಲ, ಹೆಲಿಕೊ ಮತ್ತು ಪ್ಟರ್. ತಿರುಚಿದ ಸುರುಳಿ ಮತ್ತು ರೆಕ್ಕೆ. ಅನುಮಾನ ಬಂದರೆ ನಿಘಂಟಿನಲ್ಲಿ ಪದದ ಮೂಲ ನೋಡಿ. ರಿಪೋರ್ಟ್ ವಿಷಯವಾದರೆ ನೀವು ಬಿಡಿಸಿದ ಅರ್ಥವನ್ನು ಡಾಕ್ಟರ ಮುಂದೆ ಹೇಳಿ ಸರಿಯಾ ಅಂತ ಕೇಳಿಬಿಡಿ.

ಈಗ ನೀವೇ ಬಿಡಿಸಿ: ಬ್ರಾಂಕೋಸ್ಕೋಪಿ, ಆಸ್ಟಿಯೋಆರ್ಥ್ರೈಟಿಸ್, ಎಲೆಕ್ಟ್ರೋಎನ್ಸೆಫಲೋಗ್ರಾಂ, ಮತ್ತೆ ನಮ್ಮ ಬೋರ್‌ವೆಲ್ ನೀರಿನಿಂದ ಹಲ್ಲಿಗೆ, ಮೂಳೆಗೆ ಬರುವ ಫ್ಲೂರೋಸಿಸ್. ಬ್ರಾಂಕೋ ಶ್ವಾಸನಾಳ, ಆಸ್ಟಿಯೋ ಮೂಳೆ, ಆರ್ಥ್ರ್ ಕೀಲು, ಎಲೆಕ್ಟ್ರೋ ವಿದ್ಯುತ್, ಎನ್ಸೆಫಲೋ ಮೆದುಳು, ಫ್ಲೂರ್ ಫ್ಲೋರೈಡ್, ಗ್ರಾಂ ಅಂದರೆ ದಾಖಲಾದ ಬರಹ. ಉಳಿದದ್ದೆಲ್ಲ ಮೇಲೆಯೇ ಇದೆ.