ಹುಬ್ಬಳ್ಳಿಯಿಂದ ಗೋಕರ್ಣದ ಕಡಲಿಗೆ: ಕಾರಿನಲ್ಲಿ ಒಂದೇ ದಿನ ಹೋಗಿಬರುವ ಯೋಜನೆ

ಬೆಂಗಳೂರಿನವರು ಕಡಲನ್ನು ಒಂದೇ ದಿನದಲ್ಲಿ ಕಂಡು ಬರುತ್ತೇವೆಂದು ಹೊರಟರೆ ಅವರ ದಿನವೆಲ್ಲ ರಸ್ತೆಯಲ್ಲಿಯೇ ಮುಗಿಯುತ್ತದೆ. ಮಂಗಳೂರೇ ಸುಮಾರು 350 ಕಿಲೋಮೀಟರ್ ದೂರ. ಹುಬ್ಬಳ್ಳಿ-ಧಾರವಾಡದವರಿಗೆ ಆ ತೊಂದರೆಯಿಲ್ಲ. ಕಲಘಟಗಿ, ಯಲ್ಲಾಪುರಗಳ ಮೇಲೆ ಹಾಯ್ದು ಅರಬೈಲು ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ 20–25 ಕಿಲೋಮೀಟರ್ ಹೋದರೆ ಗೋಕರ್ಣ. ಒಟ್ಟು ದಾರಿ 160 ಕಿಲೋಮೀಟರಿನ ಆಸುಪಾಸು. ಘಟ್ಟವೂ ಲಾರಿಗಳೂ ಇರುವುದರಿಂದ, ನಡುವೆ ತಿಂಡಿಗೆ ನಿಲ್ಲುವುದನ್ನೂ ಸೇರಿಸಿ, ಹೋಗುವುದಕ್ಕೆ ನಾಲ್ಕು ಗಂಟೆಗಿಂತ ತುಸು ಹೆಚ್ಚು, ಬರುವುದಕ್ಕೂ ಅಷ್ಟೇ ಎಂದು ಹಿಡಿಯಬೇಕು.

ಈ ಪ್ರವಾಸದ ವೇಳಾಪಟ್ಟಿಯನ್ನು ಹೊರಡುವ ಗಂಟೆಯಿಂದ ಹಾಕಿಕೊಳ್ಳುವುದು ರೂಢಿ. ಆದರೆ ಮರಳುವಾಗ ಘಟ್ಟ ಹತ್ತಿ ಯಲ್ಲಾಪುರ ಮುಟ್ಟುವ ಗಂಟೆಯಿಂದ ಹಿಂದಕ್ಕೆ ಎಣಿಸುತ್ತ ಬರುವುದು ಲೇಸು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಹೊತ್ತು ಮುಳುಗುತ್ತದೆ, ಏಪ್ರಿಲ್–ಮೇ ತಿಂಗಳುಗಳಲ್ಲಿ 6.45ರ ಸುಮಾರಿಗೆ. ಗೋಕರ್ಣದಿಂದ ಯಲ್ಲಾಪುರಕ್ಕೆ ಎರಡೂವರೆ ಗಂಟೆ ಬೇಕು. ಆದ್ದರಿಂದ ಚಳಿಗಾಲದಲ್ಲಿ ಮಧ್ಯಾಹ್ನ 3.30ಕ್ಕೆ, ಬೇಸಿಗೆಯಲ್ಲಿ 4.15ಕ್ಕೆ ಕಾರು ಗೋಕರ್ಣ ಬಿಟ್ಟಿರಬೇಕು. ಹಾಗೆ ಮಾಡಿದರೆ ಕಡಲಿನಲ್ಲಿ ಸೂರ್ಯಾಸ್ತ ನೋಡುವ ಅವಕಾಶ ತಪ್ಪುತ್ತದೆಂಬುದು ನಿಜ. ಸೂರ್ಯಾಸ್ತವೇ ಬೇಕೆನ್ನುವವರು ಅಲ್ಲಿಯೇ ಒಂದು ರಾತ್ರಿ ತಂಗಲಿ, ಇಲ್ಲವೇ ಘಟ್ಟದ ರಾತ್ರಿ ಓಡಾಟ ರೂಢಿಯಿರುವ ಇನ್ನೊಬ್ಬ ಚಾಲಕರನ್ನು ಜೊತೆಗೆ ಕರೆದುಕೊಳ್ಳಲಿ. ದಿನವಿಡೀ ಬಿಸಿಲಿನಲ್ಲಿ ಆಡಿ ದಣಿದವರೊಬ್ಬರೇ ಕತ್ತಲಲ್ಲಿ ಅರಬೈಲು ಹತ್ತುವುದನ್ನು ಮಾತ್ರ ಯಾವ ಸೂರ್ಯಾಸ್ತಕ್ಕಾಗಿಯೂ ಒಪ್ಪಲಾಗದು.

ಬೆಳಗಿನ ಹೊತ್ತಿಗೂ ಇದೇ ಲೆಕ್ಕ. ನಸುಕಿನಲ್ಲಿಯೇ ಘಟ್ಟ ಇಳಿದರೆ ಬೇಗ ತಲುಪಬಹುದೆಂಬ ಆಸೆ ಎಲ್ಲರಿಗೂ ಇರುತ್ತದೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು-ತರಕಾರಿ ವ್ಯಾಪಾರಿಗಳನ್ನು ಹೊತ್ತು ಸಾಗಿದ್ದ ಲಾರಿಯೊಂದು ಇದೇ ಅರಬೈಲು ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ತೀರಿಕೊಂಡರು. ಹುಬ್ಬಳ್ಳಿಯನ್ನು 5 ಗಂಟೆಗೆ ಬಿಟ್ಟು, ಯಲ್ಲಾಪುರದಲ್ಲಿ ತಿಂಡಿ ಮುಗಿಸಿ, ಬೆಳಕು ಹರಿದ ಮೇಲೆ 7ರ ಸುಮಾರಿಗೆ ಘಟ್ಟಕ್ಕೆ ಇಳಿಯುವುದು ಸರಿಯಾದ ಕ್ರಮ. ಮಕ್ಕಳಿಗೆ ತಿರುವುಗಳಲ್ಲಿ ವಾಂತಿಯಾಗುವ ಅಭ್ಯಾಸವಿದ್ದರೆ ಪೂರಿ, ವಡೆ ಬಿಟ್ಟು ಒಂದೆರಡು ಇಡ್ಲಿ ಕೊಡಿ. ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಮೊದಲೇ ಕೇಳಿಕೊಂಡು, ಯಲ್ಲಾಪುರ ಬಿಡುವ ಮುನ್ನವೇ ಕೊಡಬೇಕು, ಏಕೆಂದರೆ ಹೊಟ್ಟೆ ತೊಳೆಸಲು ಶುರುವಾದ ಮೇಲೆ ಕೊಟ್ಟರೆ ಅದು ಒಳಗೆ ನಿಲ್ಲುವುದಿಲ್ಲ.

ಘಟ್ಟ ಇಳಿಯುವಾಗ ಕಾರನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಬ್ರೇಕಿಗೆ ಬಿಡದೆ ಗೇರಿಗೆ ಒಪ್ಪಿಸಬೇಕು. ಯಾವ ಗೇರಿನಲ್ಲಿ ಆ ಏರನ್ನು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯುವುದು ಹಳೆಯ ಚಾಲಕರ ಪಾಠ, ಅದು ಇಂದಿಗೂ ಸರಿ. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ; ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಬದಿಗೆ ನಿಲ್ಲಿಸಿ ಆರಲು ಬಿಡಿ, ಬಿಸಿ ಚಕ್ರಕ್ಕೆ ನೀರು ಎರಚಬೇಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರು ಇನ್ನೂ ಇದ್ದಾರೆ. ಇಂಜಿನ್ನಿನ ತಡೆಯೇ ಇಲ್ಲದೆ ಇಳಿಜಾರಿನಲ್ಲಿ ಉರುಳುವ ಕಾರಿಗೆ ಕೊನೆಗೆ ಬ್ರೇಕೊಂದೇ ಗತಿಯಾಗುತ್ತದೆ. ಆಟೊಮ್ಯಾಟಿಕ್ ಕಾರಿನವರು ಕೆಳಗಿನ ಗೇರನ್ನು ಹೇಗೆ ಆರಿಸಬೇಕೆಂಬುದನ್ನು ಮನೆಯ ಮುಂದೆಯೇ ಕಲಿತಿರಬೇಕು. ತಿರುವಿನಲ್ಲಿ ಏರುತ್ತಿರುವ ಲಾರಿಗೆ ದಾರಿ ಬಿಡಿ. ಹೊರೆ ಹೊತ್ತ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಅದರ ಚಾಲಕನಿಗೆ ಕಷ್ಟ.

ಕಾರಿನ ತಪಾಸಣೆ ಹಿಂದಿನ ದಿನವೇ ಮುಗಿದಿರಲಿ: ಬ್ರೇಕು, ಕೂಲಂಟ್, ದೀಪಗಳು, ಟೈರಿನ ಗಾಳಿ, ಹಾಗೆಯೇ ಎಲ್ಲರೂ ಮರೆಯುವ ಸ್ಟೆಪ್ನಿಯ ಗಾಳಿ. ಇಂಧನವನ್ನು ಹುಬ್ಬಳ್ಳಿಯಲ್ಲಿಯೇ ತುಂಬಿಸಿಕೊಳ್ಳಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಹೋಗುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಯಾವ ತಿಂಗಳು ಹೋಗಬೇಕೆಂಬುದಕ್ಕೆ ಉತ್ತರ ಸರಳ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆಯೂ ಕಡಲೂ ಹಿತವಾಗಿರುತ್ತವೆ. ಮಾರ್ಚಿನಿಂದ ಸೆಕೆ, ಆದರೆ ಮೇ ತಿಂಗಳಲ್ಲಿ ಅಂಕೋಲಾದ ಕರಿ ಇಶಾಡು ಮಾವು ಸಿಗುತ್ತದೆ ಎಂಬುದು ಸೆಕೆ ಸಹಿಸಲು ಸಾಕಾಗುವಷ್ಟು ದೊಡ್ಡ ಕಾರಣ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೋಗಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಅಂಕೋಲಾದಿಂದ ಗೋಕರ್ಣಕ್ಕೆ ಹೋಗುವವರು ಹಾಯುವ ಹೆದ್ದಾರಿ ಅದೇ. ಅಲ್ಲದೆ ಜೂನ್ ಮತ್ತು ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನಿನ ಆಸೆಯೂ ಅಷ್ಟಾಗಿ ಈಡೇರುವುದಿಲ್ಲ. ಶಿವರಾತ್ರಿಯ ದಿನಗಳಲ್ಲಿ ಗೋಕರ್ಣಕ್ಕೆ ಜನಸಾಗರವೇ ಬರುತ್ತದೆ. ದರ್ಶನಕ್ಕೆಂದು ಹೋಗುವವರ ಮಾತು ಬೇರೆ, ಕಡಲಿಗೆಂದು ಹೋಗುವವರು ಆ ವಾರವನ್ನು ಬಿಡುವುದು ಮೇಲು.

ಗೋಕರ್ಣಕ್ಕೆ 9.30ರ ಹೊತ್ತಿಗೆ ಮುಟ್ಟುತ್ತೀರಿ. ಮಹಾಬಲೇಶ್ವರನ ದರ್ಶನ ಮಾಡುವುದಿದ್ದರೆ ಅದನ್ನೇ ಮೊದಲು ಮುಗಿಸಿ, ಏಕೆಂದರೆ ಮಧ್ಯಾಹ್ನ ದೇವಸ್ಥಾನದ ಬಾಗಿಲು ಮುಚ್ಚುತ್ತದೆ. ಗಂಡಸರು ಅಂಗಿ ಕಳಚಬೇಕಾಗುವುದರಿಂದ ಪಂಚೆ-ಶಲ್ಯ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಊರೊಳಗಿನ ಬೀದಿಗಳು ಇಕ್ಕಟ್ಟಾಗಿವೆ, ಕಾರನ್ನು ಹೊರಗೇ ನಿಲ್ಲಿಸಿ ನಡೆಯಿರಿ. ಆಮೇಲೆ ಓಂ ಬೀಚಿಗೆ ಹೋಗಬಹುದು: ಮೇಲೆ ಕಾರು ನಿಲ್ಲಿಸುವ ಜಾಗವಿದೆ, ಮೆಟ್ಟಿಲು ಇಳಿದರೆ ಮರಳು. ವಯಸ್ಸಾದವರು ಜೊತೆಗಿದ್ದರೆ ಆ ಮೆಟ್ಟಿಲುಗಳನ್ನು ಲೆಕ್ಕಕ್ಕೆ ಹಿಡಿದು, ಊರಿನ ಮುಖ್ಯ ಕಡಲತೀರವನ್ನೇ ಆರಿಸುವುದು ವಾಸಿ. ಎಲ್ಲಿಯೇ ಆದರೂ ಕಾರನ್ನು ಮರಳಿಗೆ ಇಳಿಸಬಾರದು.

ನೀರಿಗಿಳಿಯುವ ಮುನ್ನ ಹತ್ತು ನಿಮಿಷ ದಂಡೆಯಲ್ಲಿ ನಿಂತು ಅಲೆಗಳನ್ನು ನೋಡಿ. ಎಡಕ್ಕೂ ಬಲಕ್ಕೂ ಬಿಳಿ ನೊರೆಯೊಡೆಯುತ್ತಿರುವಾಗ ನಡುವೆ ಒಂದು ಪಟ್ಟೆಯಲ್ಲಿ ಮಾತ್ರ ಅಲೆ ಒಡೆಯದೆ ನೀರು ತುಸು ಕಪ್ಪಾಗಿ, ಸಮತಟ್ಟಾಗಿ ಕಂಡರೆ ಅಲ್ಲಿ ಒಳಸೆಳೆತವಿದೆ ಎಂದು ತಿಳಿಯಬೇಕು. ದಂಡೆಗೆ ಬಂದ ನೀರೆಲ್ಲ ಆ ಓಣಿಯ ಮೂಲಕವೇ ಕಡಲಿಗೆ ಮರಳುತ್ತಿರುತ್ತದೆ. ಈಜು ಬಾರದ ಬಯಲುಸೀಮೆಯವರು ಅಲೆಯಿಲ್ಲದ ಜಾಗವೆಂದು ಮಕ್ಕಳನ್ನು ಕರೆದೊಯ್ಯುವುದು ಸರಿಯಾಗಿ ಅಲ್ಲಿಗೇ. ಸೆಳೆತಕ್ಕೆ ಸಿಕ್ಕವರು ದಂಡೆಯತ್ತ ನೇರವಾಗಿ ಈಜಿ ಬಸವಳಿಯದೆ, ದಂಡೆಗೆ ಸಮಾನಾಂತರವಾಗಿ ಒಂದು ಬದಿಗೆ ಸರಿದು, ನೊರೆಯಿರುವ ಕಡೆಯಿಂದ ಹೊರಬರಬೇಕು. ಅದಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಕೆಂಪು ಬಾವುಟವಿದ್ದರೆ, ಜೀವರಕ್ಷಕರು ಬೇಡವೆಂದರೆ, ಮೊಣಕಾಲಿನಷ್ಟು ನೀರಿಗೂ ಹೋಗಬೇಡಿ. ಅಂದಿನ ಉಬ್ಬರವಿಳಿತದ ಸಮಯವನ್ನು ಮೊಬೈಲಿನಲ್ಲಿ ನೋಡಿಕೊಂಡಿರಿ, ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು; ಆಗ ಬಂಡೆಗಳ ಮೇಲೆ ಕುಳಿತು ಫೋಟೊ ತೆಗೆಯುತ್ತ ಮೈಮರೆತರೆ ನೀರು ಹಿಂದಿನಿಂದ ಸುತ್ತುವರಿಯುತ್ತದೆ.

ಹನ್ನೊಂದೂವರೆಯಿಂದ ಮೂರರವರೆಗಿನ ಬಿಸಿಲು ಕಡಲತೀರದಲ್ಲಿ ಕಾಲ ಕಳೆಯುವಂಥದಲ್ಲ, ಊಟಕ್ಕೂ ನೆರಳಿಗೂ ಅದನ್ನು ಬಿಟ್ಟುಬಿಡಿ. ಬಂಗಡೆ ಹುರಿದದ್ದು, ಕುಚ್ಚಲಕ್ಕಿ ಅನ್ನ, ಮುರುಗಲು ಹಣ್ಣಿನ ಪಾನಕ ಎಲ್ಲರಿಗೂ ಇರಲಿ, ಕಾರು ನಡೆಸುವವರು ಮಾತ್ರ ಅರೆಹೊಟ್ಟೆ ಉಂಡು ಅರ್ಧ ಗಂಟೆ ಕಣ್ಣು ಮುಚ್ಚಲಿ. ಮರಳುವ ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯಿದ್ದರೆ ರಾತ್ರಿಯ ಊಟಕ್ಕೆಂದು ಎಲ್ಲಿಯೂ ನಿಲ್ಲಬೇಕಾಗಿಲ್ಲ.

ಕಾರಿನ ರಿಮೋಟ್ ಕೀಲಿಯನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ನೀರಿಗಿಳಿಯುವುದು ಮರಳುವ ಪ್ರಯಾಣವನ್ನೇ ಕೆಡಿಸಬಲ್ಲ ತಪ್ಪು. ಉಪ್ಪುನೀರು ಹೊಕ್ಕ ಕೀಲಿ ಬಾಗಿಲನ್ನೂ ತೆರೆಯದು. ದಂಡೆಯಲ್ಲಿ ಕುಳಿತಿರುವ ಒಬ್ಬರ ಕೈಯಲ್ಲಿ ಅದಿರಲಿ, ಎರಡನೆಯ ಕೀಲಿ ಇನ್ನೊಬ್ಬರ ಚೀಲದಲ್ಲಿರಲಿ. ಡಿಕ್ಕಿಯಲ್ಲಿ ಹತ್ತು ಲೀಟರಿನ ಒಂದು ಕ್ಯಾನ್ ಸಿಹಿನೀರು, ಒಂದು ತಂಬಿಗೆ, ಸೀಟಿಗೆ ಹಾಸಲು ಹಳೆಯ ಸೀರೆಯೋ ದುಪ್ಪಟಿಯೋ ಇದ್ದರೆ ಬಾಗಿಲು ತೆರೆದು ಕಾಲು ಹೊರಗಿಟ್ಟು ಕುಳಿತು, ಬೆರಳ ಸಂದಿಯ ಮರಳನ್ನೆಲ್ಲ ತೊಳೆದು ಒಳಬರಬಹುದು. ಇಷ್ಟಾದರೂ ಮ್ಯಾಟುಗಳ ಅಡಿಯಲ್ಲಿ ಮರಳು ಉಳಿದೇ ಉಳಿಯುತ್ತದೆ. ಮರುದಿನ ಮ್ಯಾಟುಗಳನ್ನು ತೆಗೆದು ಕೊಡವಿ, ಕಾರಿನ ಅಡಿಭಾಗಕ್ಕೂ ಚಕ್ರದ ಕಮಾನುಗಳಿಗೂ ನೀರು ಹೊಡೆಸಿಬಿಟ್ಟರೆ ಉಪ್ಪು ಕಬ್ಬಿಣಕ್ಕೆ ಹಿಡಿಯುವುದಿಲ್ಲ.